ಲಿನಕ್ಸ್‌ನ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪಿನಲ್ಲಿ ಟೈಪ್ ಮಾಡುವಾಗ ಬೇರೆ ವಿಂಡೋ ಮುಂದೆ ಬಂದು ನಿಲ್ಲುತ್ತೆ, ಏನು ಮಾಡಲಿ?

ಟೈಪ್ ಮಾಡುತ್ತಿರುವಾಗ ಇನ್ಯಾವುದೋ ವಿಂಡೋ ಎದ್ದು ಬಂದು ಅರ್ಧ ಸಾಲು ನುಂಗಿಬಿಡುತ್ತೆ, ಕೆಲವು ಸೆಟ್ಟಿಂಗ್ ಡಬ್ಬಗಳ ಓಕೆ ಬಟನ್ ಪರದೆಯ ಕೆಳಗೆ ಮುಳುಗಿರುತ್ತೆ ಅಂತ ಕೇಳಿದ್ದೀರಿ. ಎರಡನ್ನೂ ನಾನು ಅನುಭವಿಸಿದ್ದೇನೆ.

ನಾನು ಸಿದ್ದಾಪುರದ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವನು. ಚೆಕ್‌ರೋಲ್ (ಆಳುಗಳ ಹಾಜರಿ-ಕೂಲಿ ಪಟ್ಟಿ), ಮಳೆ ಲೆಕ್ಕ, ಚೀಲದ ಲೆಕ್ಕ ಎಲ್ಲ ಒಂದು ಹಳೇ ಲ್ಯಾಪ್‌ಟಾಪಿನಲ್ಲಿ. ಹೋದ ಕೊಯ್ಲಿನ ಹೊತ್ತಿಗೆ, ಬಟವಾಡೆ ದಿನ, ಬ್ಯಾಂಕಿನ ಪಾಸ್‌ವರ್ಡ್ ಒತ್ತುತ್ತಿದ್ದೆ. ಕಣ್ಣು ಕೀಬೋರ್ಡ್ ಮೇಲೆ. ಅಷ್ಟರಲ್ಲಿ ಚಾಟ್ ವಿಂಡೋ ಮುಂದೆ ಬಂದಿದೆ. ಪಾಸ್‌ವರ್ಡ್ ಪೂರ್ತಿ, ಎಂಟರ್ ಸಮೇತ, ತೋಟದ ಗ್ರೂಪಿಗೆ ಹೋಯಿತು. ಕಣದಲ್ಲಿದ್ದ ಮೇಸ್ತ್ರಿ ತಕ್ಷಣ ಕೇಳಿದ: "ಸಾರ್, ಇದು ಯಾವ ಲಾರಿ ನಂಬರು?"

ಪಾಸ್‌ವರ್ಡ್ ಬದಲಾಯಿಸಿ, ಆ ಸಂಜೆಯೇ ಸೆಟ್ಟಿಂಗ್ಸ್ ತಡಕಿದೆ.

ಎಲ್ಲರೂ ಮೊದಲು ಹೋಗುವುದು ವಿಂಡೋ ಮ್ಯಾನೇಜರ್‌ನ ಫೋಕಸ್ ಪುಟಕ್ಕೆ. ಫೋಕಸ್ ಯಾವ ವಿಂಡೋಗಿದೆಯೋ ನೀವು ಒತ್ತಿದ ಅಕ್ಷರ ಅಲ್ಲಿಗೆ ಹೋಗುತ್ತದೆ. ಹೊಸ ವಿಂಡೋಗೆ ತಾನಾಗಿ ಫೋಕಸ್ ಕೊಡುವ ಟಿಕ್ ಅಲ್ಲಿದೆ. ಅದನ್ನು ತೆಗೆದರೆ ಕಾಟ ಕಮ್ಮಿಯಾಗುತ್ತದೆ, ನಿಜ. ಆದರೆ ನೀವೇ ಟರ್ಮಿನಲ್ ತೆರೆದರೂ ಅದರ ಮೇಲೆ ಒಮ್ಮೆ ಕ್ಲಿಕ್ ಮಾಡದೆ ಅಕ್ಷರ ಮೂಡುವುದಿಲ್ಲ. ಎರಡೇ ದಿನದಲ್ಲಿ ನನಗೆ ರೇಗಿಹೋಯಿತು. ಆ ಟಿಕ್ ಇದ್ದಂತೆಯೇ ಇರಲಿ.

ನಿಮಗೆ ಬೇಕಾದದ್ದು ಇನ್ನೊಂದು ಕಡೆ ಇದೆ. ಸೆಟ್ಟಿಂಗ್ಸ್‌ನಲ್ಲಿ ವಿಂಡೋ ಮ್ಯಾನೇಜರ್ ಟ್ವೀಕ್ಸ್ ಅಂತ ಬೇರೆಯೇ ಐಕಾನ್ ಇದೆ. ಅದರ ಫೋಕಸ್ ಪುಟದಲ್ಲಿ ಫೋಕಸ್ ಸ್ಟೀಲಿಂಗ್ ಪ್ರಿವೆನ್ಷನ್ ಹುಡುಕಿ ಟಿಕ್ ಮಾಡಿ. ನೀವು ಕೊನೆಗೆ ಯಾವ ವಿಂಡೋದಲ್ಲಿ ಕೀ ಒತ್ತಿದಿರಿ, ಯಾವಾಗ ಒತ್ತಿದಿರಿ ಅನ್ನುವುದನ್ನು ಅದು ನೋಡಿಕೊಳ್ಳುತ್ತದೆ. ನೀವಾಗಿ ತೆರೆದದ್ದು ಮುಂದೆ ಬರುತ್ತದೆ, ತಾನಾಗಿ ಎದ್ದು ಬಂದದ್ದು ಫೋಕಸ್ ಸಿಗದೆ ಕಾಯುತ್ತದೆ. ಅದೇ ಪುಟದಲ್ಲಿ, ವಿಂಡೋ ತನ್ನನ್ನು ತಾನೇ ಮೇಲೆತ್ತಿಕೊಂಡರೆ ಏನು ಮಾಡಬೇಕು ಅಂತಲೂ ಕೇಳುತ್ತದೆ. ಏನೂ ಮಾಡಬೇಡ ಅನ್ನುವುದನ್ನು ಆರಿಸಿ. ಪಾಸ್‌ವರ್ಡ್ ಪ್ರಸಂಗ ಮತ್ತೆ ಆಗಿಲ್ಲ.

ಮೌಸ್ ಹೋದಲ್ಲಿ ಫೋಕಸ್ ಹೋಗುವ ಆಯ್ಕೆಯನ್ನು ಹೊಗಳುವವರು ಜಾಸ್ತಿ. ಮೌಸ್ ಇದ್ದರೆ ಸರಿ. ಟಚ್‌ಪ್ಯಾಡ್ ಆದರೆ ಬೇಡ ಅಂತೀನಿ. ನಮ್ಮ ಜುಲೈ ಮಳೆಯಲ್ಲಿ ಬೆರಳು ಒಣಗಿರುವುದೇ ಅಪರೂಪ. ಬಾಣ ಜಾರಿ ಪಕ್ಕದ ವಿಂಡೋಗೆ ಹೋಗುತ್ತೆ, 3 ಇಂಚು 20 ಸೆಂಟ್ (ಸೆಂಟ್ ಅಂದರೆ ಇಂಚಿನ ನೂರನೇ ಪಾಲು) ಮಳೆ ಎಲ್ಲೂ ದಾಖಲಾಗದೆ ಮಾಯ! ಮಳೆ ಪುಸ್ತಕದ ಫೋಟೋ ನೋಡಿಕೊಂಡು ಕೆಳಗಿನ ಶೀಟಿಗೆ ಅಂಕಿ ತುಂಬಬೇಕಾದರೆ ಇಷ್ಟೆಲ್ಲ ಬೇಕಿಲ್ಲ. ಫೋಟೋ ವಿಂಡೋದಲ್ಲಿ ಆಲ್ಟ್ ಜೊತೆ ಸ್ಪೇಸ್ ಒತ್ತಿ, ಆಲ್ವೇಸ್ ಆನ್ ಟಾಪ್ ಆರಿಸಿ. ಫೋಟೋವನ್ನು ಚಿಕ್ಕದು ಮಾಡಿ ಮೂಲೆಗೆ ಇಟ್ಟರಾಯಿತು.

ಯಾವ ಪ್ರೋಗ್ರಾಂ ಎಲ್ಲಿ, ಎಷ್ಟು ಅಗಲಕ್ಕೆ ತೆರೆಯಬೇಕು ಅಂತ ಕಟ್ಟು ಹಾಕಲು ಎಕ್ಸ್‌ಎಫ್‌ಸಿಇಯ ಸೆಟ್ಟಿಂಗ್ಸ್‌ನಲ್ಲಿ ಜಾಗವಿಲ್ಲ. ಡೆವಿಲ್ಸ್‌ಪೈ2 ಅನ್ನುವ ಪ್ರೋಗ್ರಾಂ ಹಾಕಿಕೊಂಡು ಲುವಾ ಭಾಷೆಯಲ್ಲಿ ನಾಲ್ಕು ಸಾಲು ಕೋಡ್ ಬರೆಯಬೇಕು. ಲಿನಕ್ಸ್‌ನಲ್ಲಿ ವಿಂಡೋಗಳನ್ನು ಪರದೆಗೆ ತರುವ ವ್ಯವಸ್ಥೆ ಎರಡು: ಹಳೆಯ ಎಕ್ಸ್11, ಹೊಸ ವೇಲ್ಯಾಂಡ್. ಅದು ನಡೆಯುವುದು ಎಕ್ಸ್11ನಲ್ಲಿ, ವೇಲ್ಯಾಂಡ್‌ನಲ್ಲಿ ಅಲ್ಲ. ಇದೇ ಮುಖ್ಯ ಅನ್ನುವವರು ಕೆಡಿಇ ಪ್ಲಾಸ್ಮಾ ಅನ್ನುವ ಇನ್ನೊಂದು ಡೆಸ್ಕ್‌ಟಾಪ್ ನೋಡಿ. ಅಲ್ಲಿ ವಿಂಡೋ ರೂಲ್ಸ್ ಒಳಗೇ ಇದೆ. ನಾನು ಆ ಕಡೆ ಹೋಗಿಲ್ಲ, ಚೆಕ್‌ರೋಲಿಗೆ ಅಷ್ಟು ಶೋಕಿ ಯಾಕೆ?

ಇನ್ನು ಮುಳುಗಿದ ಓಕೆ ಬಟನ್. 768 ಪಿಕ್ಸೆಲ್ ಎತ್ತರದ ಪರದೆ ಇರುವವರಿಗೆಲ್ಲ ಈ ಗೋಳು ಇದ್ದದ್ದೇ. ಎಡಗೈಯಲ್ಲಿ ಆಲ್ಟ್ ಹಿಡಿದುಕೊಳ್ಳಿ, ವಿಂಡೋದ ಮೈಮೇಲೆ ಎಲ್ಲಿಯಾದರೂ ಎಡ ಬಟನ್ ಒತ್ತಿ ಮೇಲಕ್ಕೆ ಎಳೆಯಿರಿ. ತಲೆಪಟ್ಟಿ ಪರದೆಯಾಚೆ ಹೋದರೂ ಹೆದರಬೇಡಿ. ಕೆಳಗಿನಿಂದ ಬಟನ್ ಎದ್ದು ಬರುತ್ತದೆ.