ಐದಾರು ಜನ ಸೇರಿ ಬರೆಯುವಾಗ ಯಾರು ಏನು ತಿದ್ದಿದರು ಅಂತ ಗೊತ್ತಾಗೋದು ಹೇಗೆ?

ಶಾಲೆಯ ಶತಮಾನೋತ್ಸವದ ಸ್ಮರಣ ಸಂಚಿಕೆ, ಐದಾರು ಜನ ಲೇಖಕರು, ವಾಟ್ಸಾಪ್‌ನಲ್ಲಿ ‘ಫೈನಲ್’, ‘ಹೊಸ ಫೈನಲ್’ ಅಂತ ಫೈಲ್ ಓಡಾಡುತ್ತಿದೆ, ವರ್ಡ್ ಒಳ್ಳೆಯದಾ ಗೂಗಲ್ ಡಾಕ್ಸಾ ಅಂತ ಕೇಳಿದ್ದೀರಿ. ಎರಡೂ ಆದೀತು. ಮೊದಲು ತಿದ್ದುಪಡಿ ಒಪ್ಪುವವರು ಯಾರು ಅಂತ ತೀರ್ಮಾನ ಮಾಡಿ. ಒಬ್ಬರೇ ಇರಲಿ. ನಾನು ಶಿರಸಿಯಲ್ಲಿ ಸೊಸೈಟಿ ವರದಿ, ದೇವಸ್ಥಾನದ ಪುಸ್ತಿಕೆ ಇಂಥವನ್ನೆಲ್ಲ ಜೋಡಿಸಿಕೊಡುತ್ತೇನೆ, ಗೊಂದಲ ಆಗುವುದು ಎಲ್ಲರೂ ಯಜಮಾನರಾದಾಗಲೇ.

ಡಾಕ್ಸ್ ಆದರೆ ಉಳಿದವರಿಗೆ ‘ಕಮೆಂಟರ್’ ಅಂತ ಮಾತ್ರ ಲಿಂಕ್ ಕೊಡಿ. ಅವರು ತಮ್ಮ ಗೂಗಲ್ ಖಾತೆಯಿಂದ ಲಾಗಿನ್ ಆಗಿ ಏನೇ ತಿದ್ದಿದರೂ ಅದು ಸಲಹೆಯಾಗಿ, ಹೆಸರು ಸಮೇತ ಬದಿಯಲ್ಲಿ ಕಾಣುತ್ತದೆ. ವರ್ಡ್ ಆದರೆ ‘ರಿವ್ಯೂ’ದಲ್ಲಿ ಟ್ರ್ಯಾಕ್ ಚೇಂಜಸ್ (ತಿದ್ದಿದ್ದೆಲ್ಲ ಗುರುತಾಗಿ ಉಳಿಯುವ ಸೌಲಭ್ಯ) ಹಾಕಿ, ಯಾರೂ ತೆಗೆಯದ ಹಾಗೆ ಪಾಸ್‌ವರ್ಡ್ ಹಾಕಿ ಲಾಕ್ ಮಾಡಿ. ‘ನೋ ಮಾರ್ಕಪ್’ ಒತ್ತಿದರೆ ಕೆಂಪು ಗೆರೆ ಮಾಯವಾಗುತ್ತದೆ, ಆದರೆ ತಿದ್ದುಪಡಿ ಒಳಗೇ ಕೂತಿರುತ್ತದೆ. ಒಪ್ಪಬೇಕು ಇಲ್ಲಾ ತಿರಸ್ಕರಿಸಬೇಕು, ಅಲ್ಲಿವರೆಗೆ ಹೋಗುವುದಿಲ್ಲ.

ಇನ್ನು ಕಮೆಂಟ್. ಸುಮ್ನೆ ‘ಸರಿಯಿಲ್ಲ’ ಅಂತ ಬರೆಯುವವರೇ ಜಾಸ್ತಿ. 1930ರ ಅಂಕೋಲೆಯ ಉಪ್ಪಿನ ಸತ್ಯಾಗ್ರಹದ ಬಗ್ಗೆ ಬರೆಯುತ್ತಾ ಒಬ್ಬರು ‘ಮೈಸೂರು ರಾಜ್ಯದ ಅಂಕೋಲೆ’ ಅಂದಿದ್ದಾರೆ ಅನ್ನಿ. ಇನ್ನೊಬ್ಬರು ಅದನ್ನು ಹೊಡೆದು ‘ಮುಂಬಯಿ ಪ್ರಾಂತ್ಯದ’ ಅಂತ ಮಾಡಿ ಬಿಟ್ಟುಬಿಡುತ್ತಾರೆ, ಬರೆದವರಿಗೆ ಸಿಟ್ಟು ಬಂದು ಮತ್ತೆ ಮೈಸೂರು ಮಾಡುತ್ತಾರೆ, ಹೀಗೇ ನಡೆಯುತ್ತದೆ. ‘ನಮ್ಮ ಉತ್ತರ ಕನ್ನಡ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ, ಅಲ್ಲಿವರೆಗೆ ಮುಂಬಯಿ’ ಅಂತ ಒಂದು ಸಾಲು ಪಕ್ಕದಲ್ಲಿದ್ದರೆ ಜಗಳವೇ ಇಲ್ಲ, ಅಲ್ವಾ? ಕಾಗುಣಿತಕ್ಕೆ ಕಾರಣ ಬೇಡ. ಇಸವಿ, ಊರು, ಹೆಸರು ಮುಟ್ಟಿದರೆ ಬೇಕೇ ಬೇಕು.

ಕನ್ನಡಕ್ಕೇ ಇರುವ ಒಂದು ತಲೆನೋವು ಹೇಳುತ್ತೇನೆ. ಒಂದು ಒತ್ತಕ್ಷರ ಅಥವಾ ದೀರ್ಘ ಮಾತ್ರ ತಿದ್ದಿದರೆ, ಹೊಡೆದ ತುಂಡು, ಹೊಸ ತುಂಡು ಒಂದೇ ಅಕ್ಷರದೊಳಗೆ ಸಿಕ್ಕಿಕೊಂಡು ಒತ್ತು ಒಡೆದು, ಚುಕ್ಕಿ ವೃತ್ತ ಬಂದು, ಏನು ತಿದ್ದಿದ್ದಾರೆ ಅಂತಲೇ ತಿಳಿಯದ ಹಾಗಾಗುತ್ತದೆ. ಹಾಗಾಗಿ ಇಡೀ ಪದ ಅಳಿಸಿ ಹೊಸದಾಗಿ ಬರೆಯಲು ಎಲ್ಲರಿಗೂ ಹೇಳಿ. ಯಾರಾದರೂ ಹಳೇ ನುಡಿ ಫಾಂಟ್‌ನಲ್ಲಿ ಬರೆದಿದ್ದರೆ ಮೊದಲೇ ಯೂನಿಕೋಡ್ (ಈಗ ಎಲ್ಲ ಕಂಪ್ಯೂಟರ್, ಮೊಬೈಲ್‌ನಲ್ಲೂ ಓದಲು ಬರುವ ಅಕ್ಷರ ಸಂಕೇತ) ಮಾಡಿಸಿ, ಇಲ್ಲಾಂದ್ರೆ ಡಾಕ್ಸ್‌ನಲ್ಲಿ ಬರೀ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಬದಲಾಯಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಮ್ಮೆ ನೋಡಿಕೊಳ್ಳಿ.

ಮಳೆಗಾಲದಲ್ಲಿ ಘಟ್ಟದ ಮೇಲೆ ಕರೆಂಟ್ ಇದ್ದರೆ ನೆಟ್‌ವರ್ಕ್ ಇಲ್ಲ. ಹೀಗೆ ಸಿಕ್ಕಿಕೊಂಡ ಲೇಖಕರು ತಮ್ಮ ಪ್ರತಿಯಲ್ಲೇ ಬರೆದು ಕಳಿಸಲಿ, ಟ್ರ್ಯಾಕ್ ಹಾಕದೆ ಬರೆದಿದ್ದರೂ ವರ್ಡ್‌ನ ‘ಕಂಪೇರ್’ಗೆ ಹಳೆಯದು ಹೊಸದು ಎರಡೂ ಕೊಟ್ಟರೆ ವ್ಯತ್ಯಾಸ ತೋರಿಸುತ್ತದೆ. ಡಾಕ್ಸ್‌ನಲ್ಲಿ ವರ್ಷನ್ ಹಿಸ್ಟರಿ ಇದೆ. ದೊಡ್ಡ ತಿದ್ದುಪಡಿಗೆ ಮುಂಚೆ ಅಲ್ಲಿ ಆ ವರ್ಷನ್‌ಗೆ ಒಂದು ಹೆಸರು ಕೊಟ್ಟಿಡಿ, ಬೇಕಾದಾಗ ಹಿಂದೆ ಹೋಗಬಹುದು.

ಡಿಟಿಪಿಗೆ, ಅಂದರೆ ಪುಟ ಕಟ್ಟುವವರಿಗೆ, ಕೊಡುವ ಮೊದಲು ಎಲ್ಲ ಸಲಹೆ ಮುಗಿಸಿ, ಕಮೆಂಟ್ ಅಳಿಸಿದ ಪ್ರತಿ ಕೊಡಿ. ಪುಟ ಕಟ್ಟಿದ ಮೇಲೆ ಬರುವ ತಿದ್ದುಪಡಿ ಪ್ರೂಫ್ ಹಾಳೆಯಲ್ಲಿ ಪೆನ್ನಿನಿಂದ ಬರಲಿ, ಮತ್ತೆ ಫೈಲ್ ಕಳಿಸುವುದು ಬೇಡ.