ಓದುಗರ ಪ್ರಶ್ನೆ: ಘಟ್ಟದ ದಾರಿ ಯಾರ ಕೈಯಲ್ಲಿದೆ?

ಪ್ರಶ್ನೆ: 2018ರ ಆಗಸ್ಟ್‌ನಲ್ಲಿ ಸಂಪಾಜೆ ಘಾಟಿ ಕುಸಿದು ರಸ್ತೆ ಮುಚ್ಚಿದಾಗ ನಮಗೆ ಮಂಗಳೂರಿನ ಮೀನೂ ಅಪರೂಪವಾಯಿತು. ನೇಪಾಳಕ್ಕೆ ಭಾರತದ ಕಡೆಯ ದಾರಿ ಮುಚ್ಚಿದರೆ ಚೀನಾದ ದಾರಿ ಇದೆಯಲ್ಲವೇ?
— ಓದುಗರೊಬ್ಬರು, ಮಡಿಕೇರಿ

ಉತ್ತರ: ಕಾಗದದ ಮೇಲೆ ಇದೆ. 2015ರ ಸೆಪ್ಟೆಂಬರ್‌ನಲ್ಲಿ ನೇಪಾಳ ಹೊಸ ಸಂವಿಧಾನವನ್ನು ಜಾರಿಗೆ ತಂದ ಬೆನ್ನಲ್ಲೇ, ಭಾರತದ ಗಡಿಗೆ ಹೊಂದಿಕೊಂಡ ತರಾಯಿ ಬಯಲಿನ ಮಧೇಸಿ ಜನರ ಪ್ರತಿಭಟನೆಯ ನಡುವೆ, ಬಿಹಾರದ ರಕ್ಸೌಲ್ ಮತ್ತು ನೇಪಾಳದ ಬೀರ್‌ಗಂಜ್ ನಡುವಿನ ಗಡಿಯಲ್ಲಿ ಸರಕು ಸಾಗಣೆ ನಿಂತುಹೋಯಿತು. ನೇಪಾಳ ಅದನ್ನು ಭಾರತದ ದಿಗ್ಬಂಧನವೆಂದು ದೂರಿತು. ಪ್ರತಿಭಟನೆಯೇ ಕಾರಣವೆಂದು ಭಾರತ ಹೇಳಿತು. ಯಾರ ಮಾತು ನಿಜವಾದರೂ, ಅಲ್ಲಿಯ ಮನೆಗಳಿಗೆ ಅಡುಗೆ ಅನಿಲದ ಸಿಲಿಂಡರನ್ನು ಅರ್ಧ ತುಂಬಿಸಿ ಹಂಚಬೇಕಾಯಿತು. ಚೀನಾ 13 ಲಕ್ಷ ಲೀಟರ್ ಇಂಧನವನ್ನು ಪುಕ್ಕಟೆಯಾಗಿ ಕೊಟ್ಟಿತಾದರೂ, ಅದೇ ವರ್ಷದ ಏಪ್ರಿಲ್‌ನ ಭೂಕಂಪದಲ್ಲಿ ಟಿಬೆಟ್ ಕಡೆಯ ರಸ್ತೆಗಳು ಹಾಳಾಗಿದ್ದವು. ಮರುವರ್ಷ ಪ್ರಧಾನಿ ಕೆ.ಪಿ. ಶರ್ಮಾ ಓಲಿ ಬೀಜಿಂಗ್‌ಗೆ ಹೋಗಿ ಸಾಗಣೆ ಒಪ್ಪಂದ ಮಾಡಿಕೊಂಡು ಬಂದರು. ಅದರಡಿ ನೇಪಾಳಕ್ಕೆ ತೆರೆದ ಚೀನಾದ ಬಂದರುಗಳಲ್ಲೊಂದಾದ ತಿಯಾಂಜಿನ್ ನೇಪಾಳದ ಗಡಿಯಿಂದ 3,000 ಕಿ.ಮೀ.ಗೂ ಹೆಚ್ಚು ದೂರ; ಬೀರ್‌ಗಂಜ್‌ನಿಂದ ಕೋಲ್ಕತ್ತಕ್ಕೆ ಸಾವಿರ ಕಿ.ಮೀ. ಕೂಡ ಆಗುವುದಿಲ್ಲ. ನನ್ನ ಅಂದಾಜಿನಲ್ಲಿ ಆ ಒಪ್ಪಂದ ಸರಕು ತರಿಸುವುದಕ್ಕಿಂತ ದೆಹಲಿಯೊಂದಿಗೆ ಚೌಕಾಸಿ ಮಾಡುವುದಕ್ಕೇ ಹೆಚ್ಚು ಉಪಯೋಗಕ್ಕೆ ಬಂದಿದೆ.

ಪ್ರಶ್ನೆ: ಹಾಗಾದರೆ ದೊಡ್ಡವರಿಬ್ಬರ ಜಗಳ ನಡುವಿನ ಸಣ್ಣ ರಾಜ್ಯಕ್ಕೆ ಲಾಭವೇ?
— ಓದುಗರೊಬ್ಬರು, ವಿರಾಜಪೇಟೆ

ಉತ್ತರ: ಜಗಳ ಇರುವವರೆಗೆ ಲಾಭ. ಇದಕ್ಕೆ ಸಾಕ್ಷಿ ಹುಡುಕಲು ನೀವು ಹಿಮಾಲಯಕ್ಕೆ ಹೋಗಬೇಕಿಲ್ಲ, ನಿಮ್ಮ ಊರಿನ ಹೆಸರೇ ಸಾಕು. ಪಿರಿಯಾಪಟ್ಟಣದ ಕೋಟೆಯಲ್ಲಿ ಟಿಪ್ಪುವಿನ ಸೆರೆಯಿಂದ 1788ರಲ್ಲಿ ತಪ್ಪಿಸಿಕೊಂಡ ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ, ಎರಡು ವರ್ಷಗಳ ನಂತರ ತಲಚೇರಿಯ ಈಸ್ಟ್ ಇಂಡಿಯಾ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡ. ಕಂಪನಿಯ ಕಣ್ಣಿದ್ದುದು ಘಟ್ಟದ ದಾರಿಯ ಮೇಲೆ: ಮಲಬಾರ್ ಕರಾವಳಿಯಲ್ಲಿಳಿದ ಬೊಂಬಾಯಿ ಸೈನ್ಯ ಟಿಪ್ಪುವಿನ ಶ್ರೀರಂಗಪಟ್ಟಣವನ್ನು ಮುಟ್ಟಬೇಕಾದರೆ ಕೊಡಗನ್ನು ಹತ್ತಿ ಇಳಿಯಬೇಕಿತ್ತು. ಆ ಸೈನ್ಯದ ಜನರಲ್ ಅಬರ್‌ಕ್ರಾಂಬಿಯನ್ನು ಭೇಟಿಯಾದ ನೆನಪಿಗೆ ಅರಸ 1792ರಲ್ಲಿ ಕಟ್ಟಿಸಿದ ಪೇಟೆಯೇ ವೀರರಾಜೇಂದ್ರಪೇಟೆ. ಅದೇ ವರ್ಷ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಕೊಡಗಿನ ಮೇಲಿನ ಹಕ್ಕನ್ನು ಬಿಟ್ಟುಕೊಟ್ಟ. 1799ರಲ್ಲಿ ಅವನು ಮಡಿದ ಮೇಲೆ ಕಂಪನಿ ಕೊಡಗಿನ ವಾರ್ಷಿಕ ಕಪ್ಪವನ್ನೂ ಮನ್ನಾ ಮಾಡಿ, ವರ್ಷಕ್ಕೊಂದು ಆನೆ ಕೊಟ್ಟರೆ ಸಾಕೆಂದಿತು.

ಅರಸನಿಗೆ ಅದು ಗೌರವವಾಗಿ ಕಂಡಿರಬೇಕು. ಆದರೆ ಕಪ್ಪ ಇಳಿದ ದಿನವೇ ಕೊಡಗಿನ ಬೆಲೆಯೂ ಇಳಿದಿತ್ತು, ಏಕೆಂದರೆ ಈಗ ಸುತ್ತ ಎತ್ತ ನೋಡಿದರೂ ಕಂಪನಿಯೋ ಅದರ ಹಂಗಿನ ಮೈಸೂರೋ ಇತ್ತೇ ಹೊರತು, ಚೌಕಾಸಿಗೆ ಇನ್ನೊಬ್ಬ ಉಳಿದಿರಲಿಲ್ಲ. 35 ವರ್ಷಗಳಾಗುವಷ್ಟರಲ್ಲಿ, 1834ರಲ್ಲಿ, ಚಿಕ್ಕ ವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕಂಪನಿ ಕೊಡಗನ್ನು ನುಂಗಿತು. ಘಟ್ಟದ ಕೆಳಗೆ ಕೊಡಗಿಗೆ ಸೇರಿದ್ದ ಅಮರ ಸುಳ್ಯ, ಪುತ್ತೂರು ಸೀಮೆಗಳನ್ನೂ ಕಿತ್ತು ಕೆನರಾ ಜಿಲ್ಲೆಗೆ ಸೇರಿಸಿತು.