ಗಿಡ ನಾವೇ ಹಚ್ಚಿದ ಮ್ಯಾಲೂ ಶುಲ್ಕ ಯಾಕ?
ಅಣ್ಣಾರ, ರಾಯಚೂರಿನ ನಿಮ್ಮ ಲೇಔಟಿನಾಗ ರಸ್ತೆಬದಿ ಬೇವು, ಹೊಂಗೆ ನೀವೇ ಹಚ್ಚೀರಿ, ಆದರೂ ಅಧಿಕಾರಿಗಳು ಗಿಡ ನೆಡೋ ಶುಲ್ಕ ಕೇಳ್ಯಾರ, ಕಟ್ಟಬೇಕೇನು ಅಂತ ಕೇಳೀರಿ.

ಅವಸರ ಮಾಡಿ ರೊಕ್ಕ ಕಟ್ಟಬ್ಯಾಡ್ರಿ. ಯಾವ ನಿಯಮದ ಪ್ರಕಾರ ಕೇಳ್ತಾರ ಅಂತ 10 ರೂಪಾಯಿದು ಮಾಹಿತಿ ಹಕ್ಕು ಅರ್ಜಿ ಹಾಕ್ರಿ. 30 ದಿನದೊಳಗ ಉತ್ತರ ಕೊಡಬೇಕು. ಕಾನೂನಿನ ಅಧಿಕಾರ ಇಲ್ಲದ ತೆರಿಗೆ ವಸೂಲಿ ಮಾಡೂ ಹಂಗಿಲ್ಲ ಅಂತ ಸಂವಿಧಾನದ 265ನೇ ವಿಧಿನ ಹೇಳ್ತದ. ಶುಲ್ಕಕ್ಕೂ ಕಾನೂನಿನ ಆಧಾರ ಬೇಕು.

ಆದರ ಅದಕ್ಕಿಂತ ಮೊದಲು ಲೇಔಟಿನ ಅನುಮೋದನೆ ಪತ್ರದ ಷರತ್ತು ಓದ್ರಿ. ನನ್ನ ಪತ್ರದ ಹಿಂದಿನ ಪುಟದಾಗ ‘ನೆಟ್ಟು 3 ವರ್ಷ ನಿರ್ವಹಣೆ’ ಅಂತಿತ್ತು, ಓದದನ ಸಹಿ ಹಾಕಿದ್ದೆ! 40 ಸಸಿಯೊಳಗ ಬ್ಯಾಸಗಿ ದಾಟಿದ್ದು 11. ಉಳಿದವು ಎರೆಮಣ್ಣಿನ ಬಿರುಕಿನಾಗ ಒಣಕಡ್ಡಿ. ಒಣಗಿದವನ್ನ ಅಧಿಕಾರಿಗಳು ಲೆಕ್ಕಕ್ಕ ಹಿಡೀಲಿಲ್ಲ, ಅದರಾಗ ಅವರ ತಪ್ಪೇನಿಲ್ಲ ಬಿಡ್ರಿ. ನಿಮ್ಮವು ಎಷ್ಟು ಬದುಕ್ಯಾವ? ಇವತ್ತ ತಾರೀಖು ಬರೂ ಹಂಗ ಫೋಟೋ ತಗೊಳ್ರಿ.